ಗುಡ್ಡದ ಕಹಿ

ಮಾರ್ಚ್ 6

ಅತ್ತೆ,

ಲಕೋಟೆಯ ಮೇಲಿನ ಕೋಳಿಕಾಲಿನ ಅಕ್ಷರ ನೋಡಿದೊಡನೆ ಇದು ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ನಿಮ್ಮ ಮಗನೂ ನಾನೂ ಬೇರೆಯಾಗಿ ಎರಡು ವರ್ಷವಾದ ಮೇಲೆ ಇವಳಿಗೇನು ಬಂತು ಎಂದು ಹುಬ್ಬೇರಿಸಬೇಡಿ. ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ನನಗೆ ಒಂದು ಎಲೆಯ ಹೆಸರು ಬೇಕು.

ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಮನೆಯ ಹಿಂದಿನ ಗುಡ್ಡಕ್ಕೆ ಕರೆದೊಯ್ದಿರಿ. ಅರ್ಧ ದಾರಿಯಲ್ಲಿ ನಾನು ಉಸ್ಸಪ್ಪಾ ಎಂದು ಕುಳಿತಾಗ ಒಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ನನ್ನ ಮೂಗಿಗೆ ಹಿಡಿದಿರಿ. ಮೇಲೆ ಕಡುಹಸಿರು, ಕೆಳಗೆ ಬೂದಿ ಬಳಿದಂತೆ ಬಿಳುಪು. ಆ ವಾಸನೆಗೆ ಎದ್ದು ನಿಂತಿದ್ದೆ. ಈಗ ಅದೇ ವಾಸನೆ ಬೇಕಾಗಿದೆ.

ನಾನೀಗ ಬಿಯರ್ ತಯಾರಿಸುವ ಒಂದು ಸಣ್ಣ ಬ್ರೂವರಿಯಲ್ಲಿ ಕೆಲಸಕ್ಕಿದ್ದೇನೆ. ಹಿಂದೆ ಲಾಂಡ್ರಿಯಾಗಿದ್ದ ಕಟ್ಟಡ. ಹಬೆ ಹೆಚ್ಚಾದ ದಿನ ಗೋಡೆಗಳು ಈಗಲೂ ಸೋಪಿನ ವಾಸನೆ ಬಿಡುತ್ತವೆ. ಬ್ರೂವರಿಯ ಯಜಮಾನರು ಮಾತನ್ನು ಅಳೆದು ಸುರಿಯುವವರು. ಹೋದ ವಾರ ಮೂಲೆಯ ಚಿಕ್ಕ ಟ್ಯಾಂಕಿನ ಕಡೆ ಬೆರಳು ತೋರಿಸಿ, "ಇದು ನಿಂದು. ಅಕ್ಟೋಬರ್‌ಗೆ ಜನರ ಮುಂದೆ ಇಡ್ಬೇಕು" ಎಂದರು. ಅಷ್ಟೇ. ಇಷ್ಟು ವರ್ಷ ಬೇರೆಯವರ ಹಂಡೆಗೆ ಸೌಟು ಹಾಕಿದವಳಿಗೆ ಸ್ವಂತ ಒಲೆ ಸಿಕ್ಕಂತಾಯಿತು.

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಆ ಹೂವು ಬಳಕೆಗೆ ಬರುವ ಮೊದಲು ಜನ ಬಯಲಿನಲ್ಲಿ ಸಿಕ್ಕ ಸೊಪ್ಪನ್ನೇ ಹಾಕಿ ಕುದಿಸುತ್ತಿದ್ದರಂತೆ. ನಾನೂ ಹಾಗೆ ಮಾಡಿ ನೋಡಬೇಕೆಂದಿದ್ದೇನೆ. ಆ ಎಲೆ ಯಾವುದು, ಅತ್ತೆ?

ಉತ್ತರ ಬರೆಯಬೇಕೆಂದು ಬಲವಂತವಿಲ್ಲ. ಆದರೆ ಬರೆದರೆ ಖುಷಿ.

ಇಂತಿ, ನೀವೇ ಹೆಸರಿಟ್ಟ
ಗಡಿಬಿಡಿ

*

ಮಾರ್ಚ್ 15

ಗಡಿಬಿಡಿ,

ಅದು ಮಾಚಿಪತ್ರೆ. ಇಷ್ಟು ಹೇಳಲು ಒಂದು ಕಾರ್ಡು ಸಾಕಿತ್ತು. ಆದರೆ ಕಾರ್ಡು ಹಾಕಿದರೆ ನೀನು ಇನ್ನೊಂದು ಕಾರ್ಡಿನಲ್ಲಿ ಥ್ಯಾಂಕ್ಸ್ ಹೇಳಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ದೊಡ್ಡ ಹಾಳೆ ತೆಗೆದಿದ್ದೇನೆ.

ನಿನ್ನ ಪತ್ರ ಬಂದಾಗ ನಿನ್ನ ಚಿಕ್ಕತ್ತೆ ಮುಂದಿನ ಕೋಣೆಯಲ್ಲಿ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ತನ್ನ ಹೊಲಿಗೆ ಯಂತ್ರದ ಸಮೇತ ಇಲ್ಲಿಗೇ ಬಂದಿದ್ದಾಳೆ. ಅಕ್ಕತಂಗಿಯರು ಜಗಳವಾಡಿಕೊಂಡು ಸುಖವಾಗಿದ್ದೇವೆ. ಲಕೋಟೆ ನೋಡಿ, "ಮಗ ಬಿಟ್ರೂ ಸೊಸೆ ಬಿಡ್ಲಿಲ್ಲ" ಎಂದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಗುವುದನ್ನು ಅವಳಿಂದಲೇ ಕಲಿಯಬೇಕು.

ಮಾಚಿಪತ್ರೆಯನ್ನು ಈ ಪತ್ರದ ಜೊತೆ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನೆರಳಲ್ಲಿ ಒಣಗಿಸಿದ್ದು. ಜೊತೆಗೆ ಹಳ್ಳದ ಬದಿಯ ಕಾಡು ಪುದೀನವೂ ಇದೆ. ಹಾಕುವ ಮೊದಲು ಬಿಳಿ ಬಟ್ಟೆಯ ಮೇಲೆ ಹರವಿ, ಒಂದೊಂದು ಕಡ್ಡಿಯನ್ನೂ ಕೈಯಲ್ಲಿ ಹಿಡಿದು ನೋಡು. ನಾನು ಆರಿಸಿದ್ದೇ ಆದರೂ ನೋಡು. ಔಷಧಿ ಅಂಗಡಿಯಲ್ಲಿ ನಲವತ್ತು ವರ್ಷ ನಿಂತವಳು ಹೇಳುತ್ತಿದ್ದೇನೆ: ಮದ್ದಿಗೂ ವಿಷಕ್ಕೂ ನಡುವೆ ಇರುವುದು ಕಣ್ಣು ಮತ್ತು ಚಮಚ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಗುಡ್ಡದ ಗಿಡ ಬಿಯರ್ ಆಗುತ್ತದೆಯೋ ನೋಡೋಣ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವನು ಚೆನ್ನಾಗಿದ್ದಾನೆ. ಹೊಸ ಸೊಸೆ ಲೆಕ್ಕದ ಟೀಚರು, ಒಳ್ಳೆಯವಳು. ಗುಡ್ಡಕ್ಕೆ ಬಾ ಎಂದರೆ ನಯವಾಗಿ ಬೇಡ ಎನ್ನುತ್ತಾಳೆ. ನೀನು ಬೈದುಕೊಂಡಾದರೂ ಹತ್ತುತ್ತಿದ್ದೆ.

ಎಲೆ ಸಾಲದಿದ್ದರೆ ಬರೆ. ಸಾಕಾದರೂ ಬರೆ.

ಅತ್ತೆ

*

ಏಪ್ರಿಲ್ 28

ಅತ್ತೆ,

ತಡವಾಯಿತು. ನಾಲ್ಕು ಸಲ ಕುದಿಸಿ ನಾಲ್ಕು ಸಲವೂ ಚರಂಡಿಗೆ ಸುರಿದೆ. ಚರಂಡಿಯೇ ಈಗ ನನ್ನ ದೊಡ್ಡ ಗಿರಾಕಿ.

ಮೊದಲನೆಯದರಲ್ಲಿ ಮಾಚಿಪತ್ರೆ ಅತಿಯಾಯಿತು. ಬಾಟ್ಲಿ ತುಂಬುವ ಅಣ್ಣ ಒಂದು ಗುಟುಕು ಕುಡಿದು, "ನಂಗೆ ಜ್ವರಾನೇ ಇರ್ಲಿಲ್ಲ, ಆದ್ರೂ ವಾಸಿ ಆಯ್ತು" ಎಂದರು. ಪುದೀನ ಹೆಚ್ಚಿಸಿದ್ದು ಹಲ್ಲುಜ್ಜಿ ಬಾಯಿ ತೊಳೆದ ನೀರಿನಂತಾಯಿತು. ಮೂರನೆಯದನ್ನು ಯಜಮಾನರು ಮೂಸಿ ನೋಡಿ ಕೆಳಗಿಟ್ಟರು.

ನಾಲ್ಕನೆಯದು ಪರವಾಗಿಲ್ಲ ಎನಿಸಿತ್ತು. ಅದನ್ನು ಕುಡಿದವನು ಪಕ್ಕದ ಬೀದಿಯ ಬೇಕರಿಯವನು. ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಬಸಿದ ಮೇಲೆ ಉಳಿಯುವ ಹಿಪ್ಪೆಯನ್ನು ಬ್ರೆಡ್ಡಿಗೆ ಬೆರೆಸಲು ಅವನು ದಿನಾ ಬೆಳಿಗ್ಗೆ ಡಬ್ಬ ಹಿಡಿದು ಬರುತ್ತಾನೆ. ಗ್ಲಾಸು ಕೈಗೆ ಕೊಟ್ಟೆ. ತಳದವರೆಗೂ ಕುಡಿದು ಗ್ಲಾಸು ಕೆಳಗಿಟ್ಟು, "ಮುಂಬಾಗಿಲಿದೆ, ಹಿತ್ತಿಲ ಬಾಗಿಲೂ ಇದೆ. ನಡುವೆ ಮನೆ ಇಲ್ಲ" ಎಂದ. ಮೈ ಉರಿಯಿತು. ಅವನು ಹೋದ ಮೇಲೆ ಮತ್ತೆ ಕುಡಿದು ನೋಡಿದೆ. ನಿಜ, ಮೊದಲು ಪುದೀನದ ತಂಪು, ಕೊನೆಗೆ ಮಾಚಿಪತ್ರೆಯ ಕಹಿ, ನಡುವೆ ಬರೀ ನೀರು.

ನೀವು ಕಷಾಯಕ್ಕೆ ಹಾಕುತ್ತಿದ್ದಿರಲ್ಲ, ಗರಿಯಂತೆ ಸೀಳಿದ ಎಲೆ, ಬಿಳಿ ಹೂಗೊಂಚಲು, ಗರಿಸೊಪ್ಪು ಎಂದು ಕರೆಯುತ್ತಿದ್ದಿರಿ. ಅದಕ್ಕೆ ಹುಲ್ಲಿನಂಥ, ಜೇನಿನಂಥ ಒಂದು ಒಗರಿದೆ. ಮನೆ ಕಟ್ಟಲು ಅದೇ ಸರಿ ಎನಿಸುತ್ತದೆ. ಹೂ ಬಿಟ್ಟಾಗ ಒಂದು ಚೀಲ ಕಳಿಸುತ್ತೀರಾ?

ಚಿಕ್ಕತ್ತೆಗೆ ಹೇಳಿ, ಅವರು ಹೊಲಿದ ಏಪ್ರನ್ ಇನ್ನೂ ಹರಿದಿಲ್ಲ. ಜೇಬುಗಳು ಆಳವಾಗಿವೆ ಎಂದು ಬೇಕರಿಯವನಿಗೆ ಹೊಟ್ಟೆಕಿಚ್ಚು.

ನಿಮ್ಮ
ಗಡಿಬಿಡಿ

*

ಜೂನ್ 3

ಗಡಿಬಿಡಿ,

ಗರಿಸೊಪ್ಪು ಕಳಿಸಿದ್ದೇನೆ. ಈ ವರ್ಷ ಗುಡ್ಡದ ಕೆಳಗಿನ ತಗ್ಗಿನಲ್ಲೂ ಚೆನ್ನಾಗಿ ಬಂದಿದೆ, ಮೇಲೆ ಹತ್ತುವ ಕಷ್ಟವಿರಲಿಲ್ಲ. ನನಗೆ ನೆಗಡಿ, ಮೂಗು ಕಟ್ಟಿದೆ. ಅದಕ್ಕೇ ಬೇಗ ಬೇಗ ಕಿತ್ತು ಮನೆಗೆ ಬಂದೆ. ನನ್ನ ಕಷಾಯಕ್ಕೂ ಅದರಲ್ಲೇ ಒಂದು ಕಟ್ಟು ತೆಗೆದಿಟ್ಟಿದ್ದೇನೆ.

ನಿನ್ನ ಪತ್ರವನ್ನು ಚಿಕ್ಕತ್ತೆ ಓದಿ ಹೇಳಿದಳು. ನಿನ್ನ ಅಕ್ಷರ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆ, ಗಮನವಿರಲಿ. ಬೇಕರಿಯವನ ಭಾಗ ಬಂದಾಗ ಅವಳು ನಿಧಾನಕ್ಕೆ ಓದಿ, ನನ್ನ ಮುಖ ನೋಡಿದಳು. ನಾನು ಏನೂ ಕೇಳುವುದಿಲ್ಲ. ನಾಲಿಗೆ ಮೇಲೆ ಹಿಡಿತವಿರುವ ಮನುಷ್ಯ ಅನ್ನಿಸಿತು, ಅಷ್ಟೇ.

ಅತ್ತೆ

*

ಜೂನ್ 9

ಅತ್ತೆ,

ಚೀಲ ತಲುಪಿತು. ಆತುರದಲ್ಲಿ ಬರೆಯುತ್ತಿದ್ದೇನೆ. ನಾನು ಮತ್ತೆ ಬರೆಯುವವರೆಗೆ ತೆಗೆದಿಟ್ಟ ಆ ಕಟ್ಟಿನಿಂದ ಕಷಾಯ ಮಾಡಬೇಡಿ. ಮುಟ್ಟಬೇಡಿ. ಚಿಕ್ಕತ್ತೆಗೆ ಫೋನ್ ಮಾಡಿಯೂ ಹೇಳಿದ್ದೇನೆ, ಸ್ವಲ್ಪ ಬೂಸ್ಟು ಹಿಡಿದ ಹಾಗಿದೆ ಎಂದು.

ಈ ಭಾನುವಾರ ನಾನೇ ಅಲ್ಲಿಗೆ ಬರಲೇ? ಬಹಳ ದಿನವಾಯಿತು ನೋಡಿ.

ಗಡಿಬಿಡಿ

*

ಜೂನ್ 12

ಗಡಿಬಿಡಿ,

ಬರಬೇಡ. ಕಟ್ಟು ಹಾಗೇ ಇದೆ, ಮುಟ್ಟಿಲ್ಲ. ಅದರಲ್ಲಿ ಬೂಸ್ಟಿಲ್ಲ. ಬೂಸ್ಟು ಎಂದರೇನೆಂದು ನನಗೆ ಗೊತ್ತಿದೆ.

ನನ್ನ ಅಂಗಡಿಗೆ ಬರುತ್ತಿದ್ದ ಜನರಿಗೆ ಕೆಟ್ಟ ಸುದ್ದಿಯನ್ನು ಸುತ್ತಿ ಬಳಸಿ ಹೇಳುವ ಡಾಕ್ಟರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿನಗೆ ಅದು ಒಗ್ಗುವುದಿಲ್ಲ. ಚೀಲದಲ್ಲಿ ಏನು ಸಿಕ್ಕಿತು ಎಂದು ನೇರವಾಗಿ ಬರೆ.

ಅತ್ತೆ

*

ಜೂನ್ 15

ಅತ್ತೆ,

ನೇರವಾಗಿಯೇ ಬರೆಯುತ್ತೇನೆ.

ನೀವು ಹೇಳಿದಂತೆ ಬಿಳಿ ಬಟ್ಟೆಯ ಮೇಲೆ ಹರವಿದ್ದೆ. ಗರಿಸೊಪ್ಪಿನ ಕಾಂಡಕ್ಕೆ ನವಿರು ರೋಮವಿರುತ್ತದೆ. ನಡುನಡುವೆ ಕೆಲವು ಕಾಂಡ ನುಣ್ಣಗಿದ್ದವು, ಮೈಮೇಲೆ ನೇರಳೆ ಮಚ್ಚೆ. ಹೂವು ಅದೇ ಬಿಳುಪು, ಎಲೆಯೂ ಗರಿಯೇ. ಹೊಸಕಿದರೆ ಇಲಿಯ ಬಿಲದ ವಾಸನೆ. ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರ ಹತ್ತಿರ ಒಯ್ದೆ. ಅವರು ಮೊದಲು ಕೈತೊಳೆದು ಬಂದು ಆಮೇಲೆ ಮಾತನಾಡಿದರು. ವಿಷದ ಗಿಡ, ತಗ್ಗಿನ ತೇವದಲ್ಲಿ ಬೆಳೆಯುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಉಸಿರು ನಿಲ್ಲಿಸುತ್ತದೆ ಎಂದರು.

ಟ್ಯಾಂಕಿಗೆ ಒಂದು ಎಳೆಯೂ ಹೋಗಿಲ್ಲ. ಇಡೀ ಚೀಲವನ್ನು ಆಳವಾಗಿ ಹೂತೆ. ಬ್ರೂವರಿಯಲ್ಲಿ ಯಾರಿಗೂ ನಿಮ್ಮ ವಿಷಯ ಹೇಳಿಲ್ಲ. ಬೇಕರಿಯವನೊಬ್ಬನಿಗೆ ಗೊತ್ತು. ಗುಂಡಿ ತೋಡಿದ್ದು ಅವನೇ.

ನಿಮಗೆ ಹೇಳದೆ ನುಂಗಿಕೊಳ್ಳೋಣವೆಂದಿದ್ದೆ. ಆದರೆ ನೀವು ಪಾತ್ರೆಗೆ ಅದೇ ಸೊಪ್ಪು ಹಾಕಿ ಕುದಿಸುವುದು ಕಣ್ಣಿಗೆ ಕಟ್ಟಿತು, ಕೂಡಲೇ ಫೋನ್ ಎತ್ತಿಕೊಂಡೆ. ಅತ್ತೆ, ನಿಮ್ಮ ಸಾಲುಗಳು ಹಾಳೆಯ ಕೊನೆಗೆ ಹೋಗುವಷ್ಟರಲ್ಲಿ ಕೆಳಗೆ ಜಾರಿರುತ್ತವೆ. ಅಕ್ಷರಗಳು ಮಾರ್ಚ್‌ನಲ್ಲಿ ಇದ್ದದ್ದಕ್ಕಿಂತ ಎರಡರಷ್ಟಾಗಿವೆ. ನನ್ನ ಅಕ್ಷರ ಸಣ್ಣದಾಗಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ನಾನೂ ಬರುತ್ತೇನೆ.

ಗಡಿಬಿಡಿ

*

ಜುಲೈ 22

ಗಡಿಬಿಡಿಗೆ ಚಿಕ್ಕತ್ತೆಯ ಆಶೀರ್ವಾದ.

ನಿನ್ನ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲ, ಬರುವುದೂ ಇಲ್ಲ. ನಾನು ಓದಲು ಹೋದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಕಷಾಯದ ಡಬ್ಬಗಳನ್ನೆಲ್ಲ ಖಾಲಿ ಮಾಡಿ ಬೋರಲು ಹಾಕಿದ್ದಾಳೆ. ಗುಡ್ಡದ ಕಡೆಯ ಕಿಟಕಿ ತೆರೆಯುವುದಿಲ್ಲ. ನಿನ್ನ ಮೇಲೆ ಸಿಟ್ಟೇ ಎಂದು ಕೇಳಿದೆ. "ಅವಳ ಮೇಲೆ ಯಾಕೆ ಸಿಟ್ಟು? ನಲವತ್ತು ವರ್ಷ ಒಬ್ಬರಿಗೂ ಒಂದು ಮಾತ್ರೆ ತಪ್ಪಿ ಕೊಟ್ಟವಳಲ್ಲ ನಾನು. ಕೊನೆಗೆ ತಪ್ಪಿದ್ದು ಯಾರ ಕೈಗೆ ನೋಡು" ಎಂದಳು.

ಮಗನಿಗೂ ತಿಳಿಸಕೂಡದಂತೆ. ಕಣ್ಣು ಮಂಜಾಗಿರುವುದು ನನಗೆ ಗೊತ್ತಿತ್ತು ಮಗಳೇ. ಸೂಜಿಗೆ ದಾರ ಪೋಣಿಸಿಕೊಡು ಎಂದರೆ ಕೈಯಲ್ಲಿ ಕೆಲಸವಿದೆ ಎನ್ನುತ್ತಿದ್ದಳು. ಎಪ್ಪತ್ತರ ಹಟ ಏಳರ ಹಟಕ್ಕಿಂತ ಕೆಟ್ಟದ್ದು.

ಕೇಳಿದರೆ ಬರಬೇಡ ಎನ್ನುತ್ತಾಳೆ. ಅದಕ್ಕೇ ನೀನು ಕೇಳಬೇಡ, ಬಾ.

ಚಿಕ್ಕತ್ತೆ

*

ಆಗಸ್ಟ್ 11

ಅತ್ತೆ,

ನಿಮ್ಮೂರಿಂದ ಹಿಂತಿರುಗುವ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಅದು ರಸ್ತೆಯ ತಪ್ಪು.

ಬಾಗಿಲು ತೆರೆದು "ಬಂದ್ಯಾ" ಎಂದಷ್ಟೇ ಹೇಳಿ ನೀವು ಒಳಗೆ ಹೋದಿರಿ. ಊಟದವರೆಗೂ ನಿಮ್ಮ ಬೆನ್ನನ್ನೇ ನೋಡುತ್ತ ಕುಳಿತಿದ್ದೆ. ಎಷ್ಟೊಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಕೊನೆಗೆ ಬಾಯಿಗೆ ಬಂದದ್ದು, ಗುಡ್ಡಕ್ಕೆ ಹೋಗೋಣವೇ ಎಂಬ ಒಂದು ಮಾತು. ನನ್ನ ಕಣ್ಣು ನಂಬಬೇಡ ಎಂದಿರಿ. ಕಣ್ಣು ನನ್ನ ಹತ್ತಿರ ಇದೆ, ಮೂಗು ನಿಮ್ಮದು ಬೇಕು ಎಂದೆ. ಅದನ್ನು ನಿಮ್ಮನ್ನು ಎಬ್ಬಿಸಲೆಂದು ಹೇಳಿರಲಿಲ್ಲ. ನನಗೆ ನಿಜವಾಗಿ ಬೇಕಿತ್ತು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಮೇಲಿನ ಒಣ ಬಯಲಿನಲ್ಲಿ ನೀವು ಮೊದಲ ಕಾಂಡವನ್ನು ಬೆರಳಿಂದ ಸವರಿ, ರೋಮ ಇದೆ ಎಂದು ಖಚಿತಪಡಿಸಿಕೊಂಡು, ಎಲೆ ಹೊಸಕಿ ಮೂಸಿ, "ಇದು" ಎಂದು ನನ್ನ ಕೈಗೆ ಕೊಟ್ಟಿರಿ. ಮೊದಮೊದಲು ಒಂದೊಂದನ್ನೂ ಎರಡೆರಡು ಸಲ ಸವರಿ ನೋಡುತ್ತಿದ್ದಿರಿ. ಹತ್ತಾರು ಕಾಂಡಗಳಾದ ಮೇಲೆ ಒಂದೇ ಸಲಕ್ಕೆ ಗುರುತು ಹಿಡಿದಿರಿ. ಚೀಲ ತುಂಬುವಷ್ಟರಲ್ಲಿ ನೀವು ನನ್ನನ್ನು ಬೈಯಲು ಶುರುಮಾಡಿದ್ದಿರಿ, ಕಾಂಡವನ್ನು ಬುಡದಿಂದ ಕೀಳಬಾರದು ಎಂದು. ಆ ಬೈಗುಳ ಕೇಳಲು ನಾನು ಅಷ್ಟು ದೂರ ಬಂದದ್ದು.

ಮರುದಿನ ಕಣ್ಣಿನ ಡಾಕ್ಟರಮ್ಮ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದಾಗ ನೀವು ನನ್ನ ಕಡೆ ತಿರುಗಿ, ಮೊದಲೇ ಬರಬಹುದಿತ್ತು ಅಲ್ಲವೇ ಎಂದಿರಿ. ನನ್ನನ್ನೇ ತಡಮಾಡಿದವಳಂತೆ ಮಾಡಿದಿರಿ. ಇರಲಿ, ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಚೀಲ ನನ್ನ ತೊಡೆಯ ಮೇಲಿದೆ. ಪಕ್ಕದ ಸೀಟಿನವರು ಇದೇನು ಇಷ್ಟು ಘಮ ಎಂದು ಎರಡು ಸಲ ಕೇಳಿದರು.

ನಿಮ್ಮ
ಗಡಿಬಿಡಿ

*

ಸೆಪ್ಟೆಂಬರ್ 19

ಗಡಿಬಿಡಿ,

ಇದನ್ನು ನಾನೇ ನೋಡಿ ಬರೆಯುತ್ತಿದ್ದೇನೆ. ಸಾಲು ನೇರವಾಗಿದೆಯೇ ಎಂದು ಅಡಿಪಟ್ಟಿ ಇಟ್ಟು ನೋಡಿಕೊ.

ಆಪರೇಷನ್ನಿನ ದಿನ ಮಗ ಬರುವ ಹೊತ್ತಿಗೆ ನೀನು ಆಸ್ಪತ್ರೆಯಿಂದ ಹೊರಟೆಯಲ್ಲ, ಆ ಒಂದು ಕಣ್ಣು ಆಯಿತು, ಇನ್ನೊಂದು ಚಳಿಗಾಲದಲ್ಲಿ. ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ನಮ್ಮ ಮನೆಯ ಧೂಳು. ಇಷ್ಟು ದಿನ ಇದರಲ್ಲೇ ಇದ್ದೆವಾ ಎಂದು ಚಿಕ್ಕತ್ತೆಯನ್ನು ಕೇಳಿದೆ. ಅವಳ ಕೂದಲು ಅಷ್ಟು ನರೆತಿದೆ ಎಂದೂ ಗೊತ್ತಿರಲಿಲ್ಲ, ಹೇಳಿದ್ದಕ್ಕೆ ಕತ್ತರಿ ಎತ್ತಿದಳು. ಅಂದು ಸಂಜೆ ಗುಡ್ಡದ ಕಡೆಯ ಕಿಟಕಿ ತೆರೆದು ಕುಳಿತೆ. ಎಲೆಗಳು ಬೇರೆ ಬೇರೆಯಾಗಿ ಕಂಡವು. ನಾನು ನೋಡುತ್ತಿದ್ದದ್ದು ಬರೀ ಹಸಿರನ್ನು.

ಆಗಸ್ಟ್‌ನಲ್ಲಿ ನೀನು ಬಂದದ್ದಕ್ಕೆ ನಾನು ಏನೂ ಹೇಳಲಿಲ್ಲ. ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ಅಕ್ಟೋಬರ್‌ಗೆ ಕರೆದಿದ್ದೀಯ. ಅಂಗಡಿಯಲ್ಲಿ ಮದ್ಯಸಾರದ ಟಿಂಚರು ಅಳೆದು ಕೊಟ್ಟದ್ದಿದೆಯೇ ಹೊರತು ನಾನು ಬಿಯರನ್ನು ನಾಲಿಗೆಗೆ ಮುಟ್ಟಿಸಿದವಳಲ್ಲ. ಆದರೂ ಬರುತ್ತೇವೆ. ಚಿಕ್ಕತ್ತೆ ಆಗಲೇ ಹೊಸ ಬ್ಲೌಸಿಗೆ ಬಟ್ಟೆ ಕತ್ತರಿಸಿದ್ದಾಳೆ.

ಅತ್ತೆ

*

ಅಕ್ಟೋಬರ್ 23

ಮಗನೇ,

ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಹೂಂ ಹೂಂ ಎನ್ನುತ್ತ ಬೇರೇನೋ ಮಾಡುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ಮಾರ್ಚ್‌ನಿಂದ ಗಡಿಬಿಡಿಗೂ ನನಗೂ ಪತ್ರ ನಡೆದಿದೆ. ಕಣ್ಣಿನ ಆಸ್ಪತ್ರೆಯಲ್ಲಿ ನೀನು ಬರುವವರೆಗೆ ನನ್ನ ಜೊತೆ ಇದ್ದದ್ದು ಅವಳೇ. ನೀವಿಬ್ಬರೂ ಬೇಡವೆಂದು ಬಿಟ್ಟದ್ದು ಒಬ್ಬರನ್ನೊಬ್ಬರು. ಅದರಲ್ಲಿ ನನ್ನ ಪಾಲಿನದು ಸೇರಿರಲಿಲ್ಲ.

ಶನಿವಾರ ಮಧ್ಯಾಹ್ನ ಚಿಕ್ಕಮ್ಮನ ಜೊತೆ ಅವಳ ಬ್ರೂವರಿಗೆ ಹೋಗಿದ್ದೆ. ಅವಳು ಗುಡ್ಡದ ಸೊಪ್ಪು ಹಾಕಿ ಬಿಯರ್ ಮಾಡಿದ್ದಾಳೆ. ಎತ್ತರದ ಚಾವಣಿ, ಗೋಡೆಯಲ್ಲಿ ಹಳೆಯ ಲಾಂಡ್ರಿಯ ಕೊಳವೆಗಳು, ಉದ್ದನೆಯ ಮೇಜು, ಎಪ್ಪತ್ತು ಎಂಬತ್ತು ಜನ. ಅವಳ ಮುಖ ನೋಡಿ ಅಯ್ಯೋ ಅನ್ನಿಸಿತು. ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯ ಹಾಗೆ ಏಪ್ರನ್ನಿನ ಜೇಬಿನೊಳಗೆ ಕೈ ಹಿಸುಕಿಕೊಳ್ಳುತ್ತಿದ್ದಳು. ಬ್ರೂವರಿಯ ಯಜಮಾನರು ಬಂದು ನನಗೆ ಕುರ್ಚಿ ಹಾಕಿಸಿ, "ಇವರು ಹೇಳ್ಲಿ ಮೊದ್ಲು" ಎಂದರು.

ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಡಿಕಾಕ್ಷನ್ನಿನ ಬಣ್ಣ, ಅಂಚಿನಲ್ಲಿ ತಾಮ್ರ. ಹೊಸ ಕಣ್ಣಿಗೆ ನೊರೆಯ ಒಂದೊಂದು ಗುಳ್ಳೆಯೂ ಕಂಡಿತು. ಮೂಸಿದರೆ ಬಿಸಿಲಿಗೆ ಕಾದ ಗುಡ್ಡ. ಗುಟುಕು ಹಾಕಿದೆ. ಮೊದಲು ಬ್ರೆಡ್ಡಿನ ಕಂದು ಅಂಚಿನ ಸಿಹಿ, ಹಿಂದೆಯೇ ಪುದೀನದ ತಂಪು. ನಡುವೆ ಗರಿಸೊಪ್ಪು ಜೇನಿನ ಒಗರಾಗಿ ಬಾಯಿ ತುಂಬ ಕೂತುಕೊಂಡಿತು. ನುಂಗಿದ ಮೇಲೆ ನಿಧಾನವಾಗಿ ಮಾಚಿಪತ್ರೆಯ ಕಹಿ ಬಂತು. ಅದು ಕೆಟ್ಟ ಕಹಿಯಲ್ಲ. ಹೇಳಬೇಕಾದ್ದನ್ನು ಮುಖಕ್ಕೇ ಹೇಳಿ, ಹೋಗದೆ ಪಕ್ಕದಲ್ಲೇ ಕೂರುವ ಮನುಷ್ಯರ ಕಹಿ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಕಷಾಯಕ್ಕೆ ಮದುವೆ ವಯಸ್ಸು ಬಂದಿದೆ" ಎಂದೆ. ಜನ ನಕ್ಕರು. ಅವಳು ಮಾತ್ರ ನಗಲಿಲ್ಲ, ಹತ್ತಿರ ಬಂದು ನಿಜ ಹೇಳಿ ಎಂದು ಕೇಳಿದಳು. ಪುದೀನ ಒಂದು ಚಿಟಿಕೆ ಹೆಚ್ಚಾಗಿದೆ, ಉಳಿದದ್ದನ್ನು ಮುಟ್ಟಬೇಡ ಎಂದೆ. ಆಗ ಉಸಿರು ಬಿಟ್ಟಳು. ಎಲ್ಲರಿಗೂ ಹಿಡಿಸಿತು ಅಂತಲ್ಲ. ಟೋಪಿ ಹಾಕಿದ್ದ ಒಬ್ಬರು ಇದು ತೋಟ ಕುಡಿದ ಹಾಗಿದೆ ಎಂದು ಅರ್ಧಕ್ಕೇ ಇಟ್ಟುಹೋದರು. ಆದರೆ ಸಂಜೆಯಾಗುವ ಮೊದಲೇ ಪೀಪಾಯಿ ಖಾಲಿ. ಯಜಮಾನರು ಅವಳಿಗೆ ದೊಡ್ಡ ಟ್ಯಾಂಕಿನ ಕಡೆ ಬೆರಳು ತೋರಿಸಿದರು. ಅವರು ಮಾತನಾಡುವುದೇ ಹಾಗಂತೆ.

ಅಲ್ಲಿ ಒಬ್ಬ ಬೇಕರಿಯವನಿದ್ದಾನೆ. ಹುಬ್ಬಿನಲ್ಲಿ ಹಿಟ್ಟು, ಕೈಯಲ್ಲಿ ಬ್ರೆಡ್ಡಿನ ಬುಟ್ಟಿ. ಅವಳು ಅವನನ್ನು ನಮಗೆ ಪರಿಚಯಿಸುವಾಗ ಎರಡು ಸಲ ತಪ್ಪಿ ಮಾತಾಡಿದಳು. ನಾನೂ ಚಿಕ್ಕಮ್ಮನೂ ಅವನನ್ನು ನಡುವೆ ಕೂರಿಸಿಕೊಂಡೆವು. ಎಷ್ಟು ಹೊತ್ತಿಗೆ ಏಳುತ್ತಾನೆ, ಮನೆಯಲ್ಲಿ ಯಾರಿದ್ದಾರೆ, ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದೆಲ್ಲ ವಿಚಾರಿಸಿದೆವು. ಪಾಪ, ಎಲ್ಲಕ್ಕೂ ಉತ್ತರ ಕೊಟ್ಟ. ಸಿಟ್ಟು ಬಂದರೆ ಏನು ಮಾಡುತ್ತೀಯ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹಿಟ್ಟು ನಾದ್ತೀನಿ" ಎಂದ. ಚಿಕ್ಕಮ್ಮ ನನ್ನ ಮೊಣಕೈ ತಿವಿದಳು.

ನನ್ನ ಗ್ಲಾಸು ಖಾಲಿಯಾಗಿತ್ತು. ಅವನು ಜಗ್ಗು ಹಿಡಿದು ಬಂದು, "ಅತ್ತೆ, ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದ. ಅವಳ ಬಾಯಲ್ಲಿ ಅದೊಂದೇ ಹೆಸರು ಕೇಳಿದ್ದ, ಅದನ್ನೇ ಅಂದ, ಬೇರೆ ಯೋಚನೆ ಅವನಿಗಿರಲಿಲ್ಲ. ಗಡಿಬಿಡಿಯ ಕಿವಿ ಕೆಂಪಾಯಿತು. ಚಿಕ್ಕಮ್ಮ ಬಿಡುತ್ತಾಳೆಯೇ?

"ಅಕ್ಕಾ, ಇವನಿಗೆ ನೀನು ಅತ್ತೆ ಆಗ್ಬೇಕಂದ್ರೆ, ಅವಳಿಗೆ ಅಮ್ಮ ಆಗ್ಬೇಕಾಗತ್ತಲ್ಲ" ಎಂದಳು.

ಅವನು ತಬ್ಬಿಬ್ಬಾಗಿ ನನ್ನ ಮುಖ, ಅವಳ ಮುಖ ನೋಡಿದ. ಜಗ್ಗು ಗಾಳಿಯಲ್ಲೇ ನಿಂತಿತ್ತು. ಹೀಗಲ್ಲಪ್ಪಾ, ಹೀಗೆ ಕರೆ ಎಂದು ನಾನು ತಿದ್ದಬಹುದಿತ್ತು. ಗ್ಲಾಸನ್ನು ಮುಂದೆ ಹಿಡಿದೆ.

ಅವರಿಬ್ಬರೂ ಮದುವೆಯ ಮಾತು ಇನ್ನೂ ಹೇಳಿಲ್ಲ. ಹೇಳಿದಾಗ, ತಾಯಿಯಿಲ್ಲದ ಹುಡುಗಿ, ಹೆಣ್ಣಿನ ಕಡೆ ನಿಲ್ಲುವವಳು ನಾನು. ಇನ್ನೊಬ್ಬರ ಬಾಯಿಂದ ನಿನಗೆ ತಿಳಿಯುವುದು ಬೇಡ ಎಂದು ಈಗಲೇ ಬರೆದೆ. ಸೊಸೆಗೂ ಓದಿ ಹೇಳು.

ನಿನ್ನ ಅಮ್ಮ